ಗೋಡೆಗೆ ಚೀಟಿ ಅಂಟಿಸುವ ಅಣ್ಣ

ನಮ್ಮಣ್ಣ ನಲವತ್ತು ವರ್ಷಗಳಲ್ಲಿ ನನ್ನೊಡನೆ ಆಡಿದ್ದಕ್ಕಿಂತ ಹೆಚ್ಚು ಮಾತನ್ನು ಆರೇ ತಿಂಗಳಲ್ಲಿ ಒಂದು ಗೋಡೆಯೊಡನೆ ಆಡಿದ್ದಾನೆ! ಮದುವೆಯಾಗದ ಗಂಡಸು, ಮಾತಾಡಿಕೊಳ್ಳಲಿ ಎಂದು ನಾನೂ ಸುಮ್ಮನಿದ್ದೆ.

ಉಡುಪಿ ಕಡೆಯಿಂದ ಬಂದ ನಮ್ಮದು ಚೆನ್ನೈಯ ಗಿಂಡಿ ಬಡಾವಣೆಯಲ್ಲಿ ಪುಟ್ಟ ಹೋಟೆಲು. ಅಣ್ಣ ದೋಸೆ ಕಾವಲಿಗೆ, ಆರನೇ ಕ್ಲಾಸಿಗೇ ಶಾಲೆ ಬಿಟ್ಟ ತಂಗಿ ನಾನು ಗಲ್ಲಾಕ್ಕೆ. ಪಕ್ಕದ ಜಾಗದಲ್ಲಿ ದೊಡ್ಡ ಕಟ್ಟಡ ಏಳುವುದಿತ್ತು. ಕಾರು ನಿಲ್ಲಿಸಲು ನೆಲದೊಳಗೇ ಮೂರಂತಸ್ತು ಬೇಕೆಂದು ಪಾತಾಳದಂಥ ಗುಂಡಿ ತೋಡಿದರು. ಮಣ್ಣು ಜಾರದಂತೆ ಸುತ್ತ ಕಾಂಕ್ರೀಟಿನ ತಡೆಗೋಡೆ.

ಒಂದು ಬೆಳಿಗ್ಗೆ ಅಣ್ಣ ಕಾವಲಿಗೆ ಎಣ್ಣೆ ಬಿಟ್ಟವನು ಹಾಗೇ ನಿಂತ.

"ಎಣ್ಣೆ ಗುಂಡಿ ಕಡೆ ಓಡ್ತಾ ಉಂಟು ನೋಡು."

"ಕಾವಲಿ ಓರೆ ಇಟ್ಟಿದ್ದಿ, ಅಷ್ಟೇ."

"ಕಾವಲಿ ಅಲ್ಲ ಮಾರಾಯ್ತಿ, ನೆಲವೇ ಹೊರಟಿದೆ!"

ನೆಲ ಎಲ್ಲಿಗೆ ಹೊರಡುತ್ತದೆ? ಅದಕ್ಕೇನು ಲೋಕಲ್ ರೈಲು ಹಿಡಿಯುವುದಿದೆಯೇ?

ಆದರೆ ಆಮೇಲೆ ಯಾರೂ ಮುಟ್ಟದ ಬಾಗಿಲು ತಾನಾಗಿ ತೆರೆದುಕೊಳ್ಳತೊಡಗಿತು. ತಟ್ಟೆಗಳ ರಾಶಿ ಸುಮ್ಮಸುಮ್ಮನೆ ಕಿಣಿಕಿಣಿ ಎನ್ನುವುದು. ಗುಂಡಿಯಿಂದ ನೀರೆತ್ತುವ ಪಂಪುಗಳು ನಿಂತಾಗ, ನಮ್ಮ ಅಡುಗೆಮನೆಯ ಗೋಡೆಯೊಳಗಿಂದ ಯಾರೋ ಗಂಟಲು ಸರಿಮಾಡಿಕೊಂಡಂತೆ ಸದ್ದು. ಅಲ್ಲಿ ಗೋಡೆ ಬಿಟ್ಟಿದ್ದ ಬಿರುಕಿಗೆ ಅಣ್ಣ ಕಿವಿಯಿಟ್ಟು, "ಎಂತ ಆಯ್ತು? ಎಲ್ಲಿ ನೋವು?" ಎಂದು ವಿಚಾರಿಸುವನು. ಗಿರಾಕಿಗಳಿಗೆ ದೋಸೆಯ ಜೊತೆ ಪುಕ್ಕಟೆ ನಾಟಕ!

ಕೊನೆಗೆ ಗುಂಡಿಯ ಮೇಸ್ತ್ರಿಯನ್ನೇ ಕರೆತಂದ. "ಭಯಪ್ಪಡಾದೀಂಗ ಅಣ್ಣಾ," ಎಂದು ಮೇಸ್ತ್ರಿ ನಕ್ಕ. ಹೆದರಬೇಡಿ, ತಡೆಗೋಡೆ ಸರಿದರೂ ಒಂದು ಉಗುರಿನಷ್ಟೇ ಎಂದ.

"ಯಾರ ಉಗುರು?" ಎಂದು ಅಣ್ಣ ಕೇಳಿದ.

ಅಂದೇ ಬಿರುಕಿನ ಮೇಲೆ ಮೈದಾ ಅಂಟಿನಿಂದ ಬಿಲ್ಲಿನ ಚೀಟಿಯೊಂದನ್ನು ಅಂಟಿಸಿ ತಾರೀಕು ಬರೆದ. ಚೀಟಿ ಹರಿದರೆ ಗೋಡೆ ಸರಿದಂತೆ, ಆ ದಿನವೇ ಹೋಟೆಲಿಗೆ ಬೀಗ ಎಂದು ಹಟ.

ಇನ್ನು ನನ್ನ ಪಾಪ. ಮಾರನೆಯ ಬೆಳಿಗ್ಗೆ ಅವನಿಗಿಂತ ಮೊದಲೆದ್ದು ನೋಡಿದರೆ ಚೀಟಿ ಹರಿದಿತ್ತು. ಗುಂಡಿಯ ಕೆಲಸಗಾರರೆಲ್ಲ ನಮ್ಮಲ್ಲೇ ತಿನ್ನುತ್ತಿದ್ದ ಕಾಲ. ವ್ಯಾಪಾರ ಎಂದೂ ಹಾಗೆ ನಡೆದಿರಲಿಲ್ಲ. ಹೊಸ ಚೀಟಿ ಅಂಟಿಸಿ, ಅವನದೇ ತಾರೀಕು ನಕಲು ಮಾಡಿದೆ. ದಿನವೂ ಅದು ಹರಿಯುವುದು, ದಿನವೂ ನಾನು ಅಂಟಿಸುವುದು.

"ಹರೀಲೇ ಇಲ್ಲ," ಎಂದು ಅಣ್ಣ ಚೀಟಿ ಸವರುತ್ತ ಮಂಕಾದ. "ನಂಗೇ ಎಂತದೋ ಆಗಿದೆ. ಡಾಕ್ಟರಿಗೆ ತೋರ್ಸು."

ಕರೆದುಕೊಂಡು ಹೋದೆ! ತಲೆಗೆಂದು ಕೊಟ್ಟ ಮಾತ್ರೆಗಳನ್ನು ಕೈಯಾರೆ ನುಂಗಿಸಿದೆ. ಗೋಡೆಯೊಡನೆ ಅವನ ಮಾತು ನಿಂತಿತು. ನನ್ನೊಡನೆಯೂ.

ಒಂದು ಬೆಳಿಗ್ಗೆ ಚೀಟಿ ಅಂಟಿಸಿ ಆಗಷ್ಟೇ ಕೈ ತೆಗೆದಿದ್ದೆ. ಹಸಿ ಕಾಗದ ನನ್ನ ಕಣ್ಣೆದುರೇ ಮೆಲ್ಲಗೆ ಬಿಗಿದುಕೊಂಡು, ನಡುವೆ ಹರಿಯಿತು. ಯಾರೂ ಎಳೆದಿರಲಿಲ್ಲ. ಬಿರುಕಿನಿಂದ ತಣ್ಣನೆಯ ಗಾಳಿ ಬೆರಳಿಗೆ ತಾಗಿತು.

ಕೂಗಾಡಿ ಅಣ್ಣನನ್ನೂ ಕೆಲಸದವರನ್ನೂ ಬೀದಿಗೆ ಎಳೆದೆ. ಗುಂಡಿಯಲ್ಲಿದ್ದವರೂ ಹೆದರಿ ಮೇಲೆ ಬಂದರು. ಮಧ್ಯಾಹ್ನದೊಳಗೆ ನಮ್ಮ ಅಡುಗೆಮನೆ, ಯಾರೋ ಕೆಳಗಿನಿಂದ ಕರೆದಂತೆ, ಗುಂಡಿಯೊಳಕ್ಕೆ ಇಳಿದುಹೋಯಿತು.

ರಸ್ತೆಯಲ್ಲೇ ಅಣ್ಣನಿಗೆ ಎಲ್ಲ ಹೇಳಿಬಿಟ್ಟೆ. ಅವನು ಎರಡು ಹೊಡೆದಿದ್ದರೂ ನನಗೆ ಸಮಾಧಾನವಾಗುತ್ತಿತ್ತು.

"ದಿನಾ ಹರೀತಿತ್ತಾ?"

"ದಿನಾ."

"ಹಾಗಾದ್ರೆ ನಂಗೆ ಹುಚ್ಚಿಲ್ಲ, ಅಲ್ದಾ?"

"ಇಲ್ಲ ಅಣ್ಣಾ."

ಹೋಟೆಲು ಕಳೆದುಕೊಂಡವನ ಮುಖದಲ್ಲಿ ಅಂಥ ನಗು! ಮರುಕ್ಷಣ ಅದು ಆರಿಹೋಯಿತು. ನನ್ನ ತಲೆಯನ್ನು ಎದೆಗೆ ಒತ್ತಿಕೊಂಡು, "ಮತ್ತೆ ನೀನು ದಿನಾ ಆ ಗೋಡೆ ಬುಡದಲ್ಲಿ ಒಬ್ಳೇ ನಿಲ್ತಿದ್ದಿಯಾ, ಪೆದ್ದೀ?" ಎಂದು ಅಳತೊಡಗಿದ.