ಗೊತ್ತಿಲ್ಲ ಅನ್ನಬಾರದ ಊರು

ಚೋಲೆ: ರೀ, ಆ ಹುಡುಗಿನ ಚರ್ಚಿನ ಕಡೆ ಯಾಕ್ರೀ ಕಳಿಸಿದ್ರಿ? ವಹಾಕ ನಗರಕ್ಕೆ ಹೋಗೋ ಬಸ್ಸು ಅಲ್ಲೆಲ್ಲಿ ನಿಲ್ಲುತ್ತೆ?

ಫೆರ್ಮಿನ್: ಎಲ್ಲಿ ನಿಲ್ಲುತ್ತೋ ನಂಗೇನು ಗೊತ್ತು? ಸೇತುವೆ ಕೆಲಸ ಶುರುವಾದ ಮೇಲೆ ಜಾಗ ಬದಲಾಗಿದೆಯಲ್ಲ.

ಚೋಲೆ: ಮತ್ತೆ, ಗೊತ್ತಿಲ್ಲ ಅನ್ನಬೇಕಿತ್ತು.

ಫೆರ್ಮಿನ್: ಏನಂದೆ? ಸಮುದ್ರ ದಾಟಿ ಬಂದವಳು ಬಾಯಿಬಿಟ್ಟು ದಾರಿ ಕೇಳಿದಾಳೆ, ಮುಖದ ಮೇಲೆ ಬಾಗಿಲು ಹಾಕಿದ ಹಾಗೆ ಹೇಳ್ಲಾ? ನಮ್ಮಪ್ಪ ಸಾಯೋವರೆಗೂ ಯಾರಿಗೂ ಆ ಮಾತು ಅಂದವನಲ್ಲ!

ಚೋಲೆ: ಅದಕ್ಕೇ ನಮ್ಮ ಮದುವೆ ದಿನ ಅವರನ್ನ ದಾರಿ ಕೇಳಿದ ಪಾದ್ರಿ ಪಕ್ಕದೂರಿಗೆ ಹೋಗಿದ್ದು.

ಊರ ಚೌಕದಲ್ಲಿ ತಮಾಲೆ ಎಂಬ ಮೆಕ್ಕೆಜೋಳದ ಕಡುಬು ಬೇಯುವ ಹಂಡೆಯನ್ನು ನಡುವೆ ಇಟ್ಟುಕೊಂಡು ಗಂಡ ಹೆಂಡತಿ ಹೀಗೆ ಕಾದಾಡುತ್ತಿದ್ದಾಗ, ಬೆನ್ನಿಗೆ ದೊಡ್ಡ ಚೀಲ ಹೊತ್ತ ನಾರ್ವೆಯ ಹುಡುಗಿ ಮಾರಿಟ್ ಏದುಸಿರು ಬಿಡುತ್ತಾ ವಾಪಸು ಬಂದಳು. ಬಟ್ಟೆಯೆಲ್ಲ ಕೆಸರಾಗಿತ್ತು.

ಮಾರಿಟ್: ಫೆರ್ಮಿನ್ ಯಜಮಾನ್ರೇ, ಚರ್ಚಿನ ಹಿಂದೆ ಬಸ್ಸಿಲ್ಲ, ಸ್ಮಶಾನ ಇದೆ! ಇವತ್ತಿನ ಕೊನೇ ಬಸ್ಸು ಅದು. ತಪ್ಪಿದ್ರೆ ನಾಳೆ ವಿಮಾನ ತಪ್ಪುತ್ತೆ, ಅಕ್ಕನ ಮದುವೇನೂ ತಪ್ಪುತ್ತೆ.

ಫೆರ್ಮಿನ್: ಅಲ್ಲೇ ಯಾರನ್ನಾದ್ರೂ ಕೇಳೋದಲ್ವಾ ಮಗಳೇ?

ಮಾರಿಟ್: ಕೇಳಿದೆ. ಹೂವಿನವಳು ಗಿರಣಿಗೆ ಕಳಿಸಿದ್ಳು. ಗಿರಣಿಯವರು ಹಂದಿ ಸಂತೆಗೆ. ಅಲ್ಲೊಬ್ಬ ಅಜ್ಜ, ಸರಿಯಾಗಿ ತೋರಿಸ್ತೀನಿ ಅಂತ ಕೈ ಹಿಡ್ಕೊಂಡು ಬಂದು ಇಲ್ಲೇ ಬಿಟ್ಟು ಹೋದ್ರು.

ಫೆರ್ಮಿನ್: ನೋಡಿದ್ಯಾ ಚೋಲೆ, ಎಂಥಾ ಜನ! ಒಬ್ಬರಾದ್ರೂ ಗೊತ್ತಿಲ್ಲ ಅಂದ್ರಾ?

ಮಾರಿಟ್: ಅಂದಿದ್ರೆ ಅವರ ಕಾಲಿಗೆ ಬೀಳ್ತಿದ್ದೆ.

ಚೋಲೆ: ಈ ಗಂಡಸರ ಮಾತು ಬಿಡಮ್ಮ. ನೇರ ಹೋಗಿ ನೀಲಿ ಗೋಡೆ ಹತ್ರ ಎಡಕ್ಕೆ ತಿರುಗು.

ಮಾರಿಟ್: ಅಲ್ಲಿ ಚರಂಡಿ ಇದೆ. ಬೆಳಿಗ್ಗೆ ನೀವೇ ಹೇಳಿದ್ರಿ. ಬಿದ್ದು ಎದ್ದು ಬಂದೆ.

ಫೆರ್ಮಿನ್: ಅಂದ್ರೆ ನಿಂಗೂ ಗೊತ್ತಿಲ್ವಾ?

ಚೋಲೆ: ಅವಳು ಅಷ್ಟು ಆಸೆಯಿಂದ ಮುಖ ನೋಡ್ತಿದ್ದಾಗ ಹೇಗ್ರೀ ಇಲ್ಲ ಅನ್ನೋದು?

ಮಾರಿಟ್ ಚೀಲ ಇಳಿಸಿ, ಅದರ ಮೇಲೇ ಕೂತು ಅತ್ತುಬಿಟ್ಟಳು. ಚೋಲೆ ಬಿಸಿ ತಮಾಲೆಯೊಂದನ್ನು ಅವಳ ಕೈಗಿಡುತ್ತಿದ್ದಾಗಲೇ ವಹಾಕದ ಬಸ್ಸು ಚೌಕಕ್ಕೆ ನುಗ್ಗಿ ಹಂಡೆಯ ಮುಂದೆ ನಿಂತಿತು.

ಡ್ರೈವರ್: ಯಜಮಾನ್ರೇ, ಈ ಕಡೆಗೆ ನಾನು ಹೊಸಬ. ಸೇತುವೆ ಮುಚ್ಚಿದಾರೆ. ಹೆದ್ದಾರಿಗೆ ದಾರಿ ಯಾವುದು? ಕೇಳಿ ಕೇಳಿ ಊರೆಲ್ಲ ಸುತ್ತಿದ್ದಾಯ್ತು.

ಫೆರ್ಮಿನ್ ಬಲಕ್ಕೆ ಕೈ ತೋರಿಸಿದ. ಚೋಲೆ ಎಡಕ್ಕೆ ತೋರಿಸಿದಳು.

ಮಾರಿಟ್: ಎರಡೂ ಅಲ್ಲ! ಹಂದಿ ಸಂತೆ ದಾಟಿ ಗಿರಣಿ ಪಕ್ಕದ ಮಣ್ಣು ರಸ್ತೆ ಹಿಡೀರಿ. ಲಾರಿಗಳು ಅಲ್ಲೇ ಹೆದ್ದಾರಿ ಹತ್ತೋದು, ನಾನೇ ನೋಡಿದೀನಿ. ಮೊದಲು ಬಾಗಿಲು ತೆಗೀರಿ!

ಬಸ್ಸು ಹೊರಟಿತು. ಡ್ರೈವರನ ಪಕ್ಕದಲ್ಲಿ ಕೂತ ಮಾರಿಟ್ ತಮಾಲೆ ಹಿಡಿದ ಕೈಯಲ್ಲೇ ದಾರಿ ತೋರಿಸುತ್ತಿದ್ದಳು.

ಚೋಲೆ: ಪಾಪ, ಆ ಮಗೂನ ಊರೆಲ್ಲ ಅಲೆಸಿಬಿಟ್ರಲ್ಲ, ನಾಚಿಕೆ ಆಗಲ್ವಾ ನಿಮಗೆ?

ಫೆರ್ಮಿನ್: ನಾಚಿಕೆ ಯಾಕೆ? ನಾವು ಮೊದಲೇ ಸರಿಯಾದ ದಾರಿ ಹೇಳಿಬಿಟ್ಟಿದ್ರೆ, ಆ ಡ್ರೈವರಿಗೆ ಇವತ್ತು ಗತಿ ಯಾರೇ?