ಎಷ್ಟು ಡಿಗ್ರಿ ತಪ್ಪು?

ಗಂಭೀರ ಮಾರಿ ಮಾಡ್ಕೊಂಡು ಕೆಲಸಾ ಮಾಡೋರನ್ನ ನಗೂ ಪ್ರಸಂಗಗಳು ಹುಡುಕ್ಕೊಂಡು ಬರ್ತಾವು ಅಂತ ಕಾಣತೈತಿ. ನಾ ಹೈದರಾಬಾದಿನ ಒಂದು ಸರಕಾರಿ ಆಫೀಸಿನ್ಯಾಗ ಇದ್ದೆ. ಭೂಮಿಯ ಶಾಖ ಅಳೆಯೋ ಉಪಗ್ರಹದ ಕಣ್ಣು, ಮ್ಯಾಲ ಹೋಗಿ ಒಂದೆರಡು ವರ್ಷಾತು ಅಂದ್ರ, ತಪ್ಪು ಹೇಳಾಕ ಸುರು ಮಾಡತೈತಿ. ಏರಿ ಹೋಗಿ ರಿಪೇರಿ ಮಾಡಾಕ ಆಗೂದಿಲ್ಲ. ಅದಕ್ಕ ಹದಿನಾರು ದಿನಕ್ಕೊಮ್ಮೆ, ಮುಂಜಾನೆ ಹತ್ತೂವರಿಗೆ, ಅದು ನಮ್ಮ ತಲಿ ಮ್ಯಾಲ ಹಾಯೋ ಹೊತ್ತಿಗೆ ನಾವು ಊರ ಹೊರಗಿನ ಕೆರಿಯೊಳಗ ದೋಣಿ ಮ್ಯಾಲ ಕುಂತು ನೀರಿನ ಶಾಖ ಅಳೀತಿದ್ವಿ. ಎರಡನ್ನೂ ತಾಳೆ ನೋಡಿ ಅದರ ತಪ್ಪು ತಿದ್ದೋದು ನಮ್ಮ ಕೆಲಸ. ಸಾಹೇಬರದು ಒಂದ ಪಟ್ಟು: ಬರೇ ತಪ್ಪಾತು ಅಂದ್ರ ಸಾಲದು, ಎಷ್ಟು ಡಿಗ್ರಿ ತಪ್ಪು ಅಂತ ಹೇಳಬೇಕು. ಆ ಚಟ ನನ್ನ ಸಂಗಾಟ ಮನಿಗೂ ಬಂತು. ಅದರಿಂದ ನಕ್ಕಿದ್ದು ಭಾಳ, ಮರುಗಿದ್ದು ಅದಕ್ಕೂ ಭಾಳ.

೧. ಮೀನುಗಾರನ ಕೈ

ಕೆರಿಯೊಳಗ ದೋಣಿ ನಡಸ್ತಿದ್ದವ ಒಬ್ಬ ಮುದುಕ ಮೀನುಗಾರ. ನಾವು ಪೆಟಗಿ ತೆಗದು, ವೈರ್ ಬಿಟ್ಟು, ಗಡಿಯಾರ ನೋಡೂದನ್ನ ಅಂವಾ ಸುಮ್ಮನ ನೋಡ್ತಿದ್ದ. ಒಂದಿನ ನೀರಾಗ ಕೈ ಅದ್ದಿ, "ಪಾನೀ ಜರಾ ಥಂಡಾ ಹೈ ಸಾಬ್" ಅಂದ, ಹೋದ ಸಲಕಿಂತ ತಣ್ಣಗೈತಿ ಅಂತ. ನಮ್ಮ ಉಪಕರಣಾನೂ ಅದನ್ನ ಹೇಳ್ತು. ಉಪಗ್ರಹ ಮಾತ್ರ ಬಿಸಿ ಐತಿ ಅಂತ ಹಟ ಹಿಡೀತು. ರಿಪೋರ್ಟಿನ್ಯಾಗ "ಮತ್ತೊಂದು ಸಾಧನದಿಂದ ಖಾತ್ರಿ ಮಾಡಿದ್ದೀರೇನು?" ಅಂತ ಒಂದು ಸಾಲು ಇರ್ತಿತ್ತು. ಹೌದು ಅಂತ ಬರದೆ. ಸಾಧನ ಯಾವ ಕಂಪನೀದು ಅಂತ ಸಾಹೇಬರು ಮೂರು ಸಲ ಪತ್ರ ಬರದ್ರು.

೨. ಮಗಳ ಜ್ವರ

ಮಗಳಿಗೆ ಆಗ ಆರು ವರ್ಷ. ಮೈ ಕಾದೈತಿ ಅಂತ ನಮ್ಮನಿಯಾಕಿ ಥರ್ಮಾಮೀಟರ್ ಹಚ್ಚಿದ್ರ ನೂರಾ ಎರಡು ತೋರಿಸ್ತು. ಮೊದಲ ಥರ್ಮಾಮೀಟರ್ ಖರೇ ಹೇಳತೈತೋ ಇಲ್ಲೋ ನೋಡೂಣು ಅಂದೆ ನಾ. ನನ್ನ ಬಾಯಾಗ ಇಟ್ಕೊಂಡೆ. ಮಗ್ಗಲ ಮನಿಯವರ ಬಾಯಾಗೂ ಇಟ್ಟೆ. ಇನ್ನೊಂದು ಥರ್ಮಾಮೀಟರ್ ಕಡಾ ತಂದು, ಕಾಗದ ಹಾಸಿ ಸರಾಸರಿ ತೆಗೀಲಿಕ್ಕೆ ಕುಂತೆ. ಅರ್ಧ ಡಿಗ್ರಿ ಹೆಚ್ಚಿಗೆ ತೋರಸ್ತೈತಿ, ಜ್ವರ ನೂರಾ ಒಂದೂವರೆನ ಅಂತ ಖುಷಿಲೆ ಹೇಳಾಕ ಎದ್ರ ಮನ್ಯಾಗ ಯಾರೂ ಇರಲಿಲ್ಲ. ತಾಯಿ ಮಗಳು ಆಗಲೇ ಡಾಕ್ಟರ ಹತ್ರ ಹೋಗಿದ್ರು; ಇಂಜೆಕ್ಷನ್ ಮಾಡಿಸ್ಕೊಂಡು, ಬರ್ತಾ ಕಾಯಿಪಲ್ಯಾನೂ ತಂದ್ರು.

೩. ಹತ್ತೂವರಿ

ಅವು ಅಮೀರಪೇಟೆಯ ಗಲ್ಲಿಗಲ್ಲಿಗೂ ಕಂಪ್ಯೂಟರ್ ಕ್ಲಾಸಿನ ಬೋರ್ಡು ನೇತಾಡ್ತಿದ್ದ ದಿನಗಳು. ನಮ್ಮನಿಯಾಕಿ ಕೂಕಟ್‌ಪಲ್ಲಿಯಿಂದ ದಿನಾ ಬಸ್ ಹಿಡದು ಹೋಗಿ, ವರ್ಷಗಟ್ಟಲೆ ಕಲತಳು. ತನ್ನದೊಂದು ನೌಕರಿ ಆಗಬೇಕು ಅನ್ನೂದು ಆಕಿ ಒಂದ ಆಸೆ. ಕಡೀಕೆ ಬೇಗಂಪೇಟೆಯ ಒಂದು ಕಂಪನಿಯಿಂದ ಇಂಟರ್‌ವ್ಯೂಗೆ ಕರೆ ಬಂತು, ಮುಂಜಾನೆ ಹತ್ತೂವರಿಗೆ. ಸ್ಕೂಟರ್ ಮ್ಯಾಲ ಬಿಡ್ತೀನಿ ಅಂತ ಮಾತು ಕೊಟ್ಟಿದ್ದೆ.

ಅವತ್ತ ಉಪಗ್ರಹಾನೂ ಬರೋದಿತ್ತು. ಹಿಂದಿನ ಎರಡೂ ಸಲ ಮೋಡ ಬಂದು ಕೆಟ್ಟಿತ್ತು. ಅವತ್ತ ಮುಂಜಾನೆ ನೋಡಿದ್ರ ಆಕಾಶ ಸ್ವಚ್ಛ. ನಾ ಕಿಡಕಿಯಾಗ ನಿಂತು ಮ್ಯಾಲ ನೋಡೂದನ್ನ ಆಕಿ ನೋಡಿದಳು. "ಹೋಗ್ರಿ, ನಾ ಬಸ್ಸಿಗೆ ಹೋಗ್ತೀನಿ" ಅಂದಳು. ಆಕಿ ದನಿ ಹೆಂಗಿತ್ತು ಅಂತ ನಾ ಕೇಳಿಸ್ಕೊಳ್ಳಲೇ ಇಲ್ಲ. ಒಪ್ಪಿದಳು ಅಂತ ತಿಳಕೊಂಡು ಕೆರಿಗೆ ಓಡಿದೆ. ದೋಣ್ಯಾಗ ನನ್ನ ಜೊತೀಗಿರ್ತಿದ್ದ ಆಫೀಸಿನವ ಒಬ್ಬನೇ ಮಾಡಬಹುದಿತ್ತು ಆ ಕೆಲಸಾನ. ಅದು ನನಗ ಆವಾಗೂ ಗೊತ್ತಿತ್ತು.

ಬಸ್ಸು ರಸ್ತೆ ಅಗದಿದ್ದ ಕಡೆ ಸಿಕ್ಕೊಂಡು, ಆಕಿ ಮುಟ್ಟೂದ್ರಾಗ ಹನ್ನೊಂದೂವರಿ. ಗೇಟಿನವ ಒಳಗ ಬಿಡಲಿಲ್ಲ. ಇಲ್ಲಿ ಸರಿಯಾಗಿ ಹತ್ತೂವರಿಗೆ ಎಮ್ಮಿಯಷ್ಟು ಒಂದ ಮೋಡ ಎಲ್ಲಿಂದ ಬಂತೋ, ಕೆರಿ ಮ್ಯಾಲ ಬಂದು ನಿಂತಿತು. ಉಪಗ್ರಹ ಮೋಡದ ಶಾಖ ಅಳಕೊಂಡು ಹೋತು.

ಸಂಜೀಕೆ ಆಕಿ ಚಾ ತಂದು ಮುಂದಿಟ್ಟಳು. ಮತ್ತ ಯಾವಾಗ ಕರೀತಾರಂತ, ಅಂದೆ.

"ನಿಮ್ಮ ಉಪಗ್ರಹ ಹದಿನಾರು ದಿನಕ್ಕ ತಿರುಗಿ ಬರತೈತ್ರಿ. ಅವರು ಕರಿಯೂದಿಲ್ಲ."

ಅವರು ಕರೀಲಿಲ್ಲ. ಬ್ಯಾರೆಯವರೂ ಕರೀಲಿಲ್ಲ. ಆಕಿ ಪುಸ್ತಕಗಳನ್ನ ಕಟ್ಟಿ ಅಟ್ಟಕ್ಕ ಹಾಕಿದಳು. ನಾ ಎದುರಿಗೆ ಹೋಗಿ ನಿಂತು, "ತಪ್ಪಾತು ನಂದು" ಅಂದೆ.

ಆಕಿ ಕೈಯಾಗಿನ ಧೂಳ ಝಾಡಿಸಿ, ನನ್ನ ಮಾರಿ ನೋಡಿ, ಶಾಂತ ದನಿಲೆ ಕೇಳಿದಳು:

"ಎಷ್ಟು ಡಿಗ್ರಿ?"

ಇಬ್ಬರೂ ನಕ್ಕೆವು. ಆಕಿ ಮೊದಲು ನಿಲ್ಲಿಸಿದಳು. ನಾ ರಿಟೈರಾಗಿ ನಾಕು ವರ್ಷಾತು, ಉತ್ತರ ಇನ್ನೂ ಕೊಟ್ಟಿಲ್ಲ.