ಹೆಸರು ಕೇಳದೆ ಹಾಕಿದ ಎಲೆ

ದೇವರಿಗೆ ಹೆದರುವುದಕ್ಕೆ ಎಳವೆಯಿಂದಲೇ ಅಭ್ಯಾಸ ಬೇಕು. ಪೋಲೀಸರಿಗೆ ಹೆದರುವುದಕ್ಕೆ ಯಾವ ಅಭ್ಯಾಸವೂ ಬೇಡ. ಐವತ್ತು ವರ್ಷಗಳ ಸಂಧ್ಯಾವಂದನೆಯ ಬಲದಿಂದ ಈ ಮಾತನ್ನು ಹೇಳುತ್ತಿದ್ದೇನೆ. ಅಂತರ್ಯಾಮಿಯಾದ ಭಗವಂತನು ನಮ್ಮ ಮನಸ್ಸಿನ ಮೂಲೆಮೂಲೆಯನ್ನೂ ಹಗಲಿರುಳು ನೋಡುತ್ತಿರುತ್ತಾನೆಂದು ಎಷ್ಟೋ ಮಂದಿಗೆ ಉಪದೇಶ ಮಾಡಿದವನು ನಾನು. ಆ ಎಣಿಕೆಯಿಂದ ನನ್ನ ನಿದ್ದೆ ಒಂದು ದಿನವೂ ಕೆಟ್ಟದ್ದಿಲ್ಲ. ಆದರೆ ಹೆಡ್ ಕಾನ್‌ಸ್ಟೇಬಲರೊಬ್ಬರು ಎದುರಿನ ಅಂಗಡಿಯಲ್ಲಿ ನಿಂತು ನನ್ನ ವಿಷಯವಾಗಿ ಎರಡು ಮಾತು ಕೇಳಿ ಹೋದರೆಂದು ತಿಳಿದ ದಿನ, ಆಚಮನಕ್ಕೆಂದು ಅಂಗೈಗೆ ಹಾಕಿಕೊಂಡ ನೀರು ತುಟಿಗೆ ತಲುಪುವ ಮೊದಲೇ ಬೆರಳ ಸಂದಿಯಲ್ಲಿ ಸೋರಿಹೋಯಿತು.

ಅದು ಅರುವತ್ತರ ದಶಕದ ಯುದ್ಧದ ಕಾಲ. ವೇಷ ಮರೆಸಿಕೊಂಡ ಗೂಢಚಾರರು ಊರೂರು ತಿರುಗುತ್ತಿದ್ದಾರೆಂಬ ಸುದ್ದಿ ಪುತ್ತೂರಿನ ಹೋಟೆಲುಗಳಲ್ಲಿ ಚಹಾಕ್ಕಿಂತ ಬಿಸಿಯಾಗಿರುತ್ತಿತ್ತು. ನಾನು ಅಲ್ಲಿಯ ಒಂದು ಶಾಲೆಯಲ್ಲಿ ಸಂಸ್ಕೃತ ಪಂಡಿತನಾಗಿದ್ದೆ. ಮಧ್ಯಾಹ್ನದ ಹೊತ್ತಿಗೆ ಜಗಲಿಗೆ ಬಂದವರ ಹೆಸರು, ಊರು, ಗೋತ್ರ ಯಾವುದನ್ನೂ ವಿಚಾರಿಸದೆ ಎಲೆ ಹಾಕುವುದು ನಮ್ಮ ಮನೆಯ ಪದ್ಧತಿ. ಕೇಳಿ ಬಡಿಸಿದರೆ ಅನ್ನದಾನದ ಫಲ ಕೇಳಿದವನ ನಾಲಗೆಯಲ್ಲೇ ಕರಗಿಹೋಗುತ್ತದೆ ಎಂದು ತಂದೆಯವರು ಹೇಳುತ್ತಿದ್ದರು. ಅವರು ಒಮ್ಮೆ ನಾಲ್ಕು ದಿನ ಉಣಿಸಿ ಕಳುಹಿಸಿದ ಅತಿಥಿ ಸ್ವಂತ ಸೋದರತ್ತೆಯ ಮಗನೇ ಆಗಿದ್ದನಂತೆ. ಅವನೂ ಹೇಳಲಿಲ್ಲ, ಇವರೂ ಕೇಳಲಿಲ್ಲ. ಅತ್ತೆ ಆಮೇಲೆ ಎರಡು ವರ್ಷ ಮಾತು ಬಿಟ್ಟಿದ್ದರು. ತಂದೆಯವರು ಮಾತ್ರ ಶಾಸ್ತ್ರ ಬಿಡಲಿಲ್ಲ.

ಹಾಗೆ ಆ ವರ್ಷವೂ ಒಬ್ಬರು ಬಂದರು. ನಡುವಯಸ್ಸು, ಮಿತಭಾಷಿ, ಸೆಕೆಯಲ್ಲೂ ಬಲಗೈಯ ಮೇಲೆ ಒಂದು ಶಾಲು. ಉಣ್ಣಲು ಕುಳಿತು ಎಲೆಯ ಸುತ್ತ ನೀರು ಕಟ್ಟುವಾಗ ಮಾತ್ರ ಶಾಲು ಸರಿಯಿತು. ಬಲಗೈಯ ಉಂಗುರ ಬೆರಳಿನ ತುದಿ ಇರಲಿಲ್ಲ. ನಾನು ನೋಡಿದೆ; ನೋಡಬಾರದಿತ್ತೆಂದು ಒಡನೆ ಕಣ್ಣು ತಿರುಗಿಸಿದೆ. ಮೂರು ದಿನ ಉಂಡು, "ಒಂದು ವಾರ ಸುಳ್ಯದಲ್ಲಿದ್ದು ಮತ್ತೆ ಕಾಸರಗೋಡಿಗೆ ಹೋಗುದು" ಎಂದಷ್ಟೇ ಹೇಳಿ ಹೊರಟರು.

ಮರುದಿನವೇ ಎದುರಿನ ಅಂಗಡಿಯ ಮಮ್ಮದೆ ಬ್ಯಾರಿ ರಸ್ತೆ ದಾಟಿ ಬಂದು ಸ್ವರ ತಗ್ಗಿಸಿದರು.

"ಭಟ್ರೇ, ಪೋಲೀಸ್‌ನವರು ನಿಮ್ಮನ್ನು ಕೇಳಿದ್ರು. ಯಾರು ಬರುದು, ಯಾರು ಹೋಗುದು, ಎಲ್ಲ."

"ನೀವು ಎಂತ ಹೇಳಿದ್ರಿ?"

"ಒಳ್ಳೇ ಜನ ಅಂತ ಹೇಳಿದೆ. ಅಷ್ಟಕ್ಕೇ ಅವರಿಗೆ ಸಂಶಯ ಜಾಸ್ತಿ ಆಯ್ತು ಮಾರಾಯ್ರೆ!"

ಆ ಮೇಲೆ ನನಗೆ ಕಂಡದ್ದೆಲ್ಲ ಖಾಕಿಯೇ. ಅಂಚೆಯವನ ಅಂಗಿ ಕಂಡು ಎರಡು ಸಲ ದೇವರ ಕೋಣೆಗೆ ನುಗ್ಗಿದೆ. ಭಾನುವಾರ ಬೆಳಿಗ್ಗೆ ನಿಜವಾದ ಖಾಕಿಯೇ ಜಗಲಿಯಲ್ಲಿ ಬಂದು ಕುಳಿತಿತು. ಅತಿಥಿಗಳು ಕೂರುವ ಮಣೆಯ ಮೇಲೆಯೇ.

"ಮೂರು ದಿನ ಒಬ್ಬ ಇದ್ನಲ್ಲ, ಅವನ ಹೆಸರೆಂತ?" ಎಂದರು ಹೆಡ್ ಕಾನ್‌ಸ್ಟೇಬಲರು.

"ಗೊತ್ತಿಲ್ಲ ಸ್ವಾಮಿ."

"ಊರು?"

"ಅದೂ ಕೇಳ್ಳಿಲ್ಲ. ಅತಿಥಿಯ ಹತ್ರ ಕೇಳಬಾರದು ಅಂತ ಶಾಸ್ತ್ರ ಉಂಟು."

"ನಮ್ಮ ಶಾಸ್ತ್ರದಲ್ಲಿ ಕೇಳಲೇಬೇಕು ಅಂತ ಉಂಟು ಭಟ್ರೇ. ನೀವು ಮಕ್ಕಳಿಗೆ ಪಾಠ ಹೇಳುವವರು. ನಾಳೆ ನಾನು ಶಾಲೆಗೇ ಬಂದು ಕೇಳುವ ಹಾಗೆ ಮಾಡ್ಬೇಡಿ."

ಎಂಟನೆಯ ತರಗತಿಯ ನಲುವತ್ತು ಜೊತೆ ಕಣ್ಣುಗಳು ನನ್ನೆದುರು ತೆರೆದುಕೊಂಡವು. ಕೆಲಸ ಹೋಯಿತು, ಮಾನ ಹೋಯಿತು, ಮಗಳ ಮದುವೆ ನಿಂತಿತು ಎಂದು ಮನಸ್ಸು ಒಂದೇ ಉಸಿರಿಗೆ ಇಡೀ ಪತನವನ್ನು ಪಠಿಸಿತು. ಬಾಗಿಲ ಹಿಂದೆ ಮನೆಯಾಕೆ ಒಮ್ಮೆ ಕೆಮ್ಮಿದಳು. ಅದು ಸುಮ್ಮನಿರಿ ಎಂಬ ಕೆಮ್ಮೆಂದು ಮೂವತ್ತು ವರ್ಷದ ಸಂಸಾರದಲ್ಲಿ ನಾನು ಚೆನ್ನಾಗಿ ಬಲ್ಲೆ. ಆದರೂ ಸುಳ್ಯ ಎಂದೆ, ಕಾಸರಗೋಡು ಎಂದೆ. ಅವರು ಕೇಳದಿದ್ದರೂ, ಬಲಗೈಯ ಉಂಗುರ ಬೆರಳಿನ ತುದಿ ಇಲ್ಲ ಎಂದೂ ಸೇರಿಸಿದೆ. ಅವರು ಬರೆದುಕೊಂಡು, ಮಜ್ಜಿಗೆ ಕುಡಿದು ಹೋದರು.

ಕೇಳಬಾರದೆಂದು ಶಾಸ್ತ್ರ ಹೇಳಿದೆಯೇ ಹೊರತು ಹೇಳಬಾರದೆಂದು ಎಲ್ಲಿಯೂ ಹೇಳಿಲ್ಲ ಎಂದು ನಾನು ಮನೆಯಾಕೆಗೆ ವ್ಯಾಖ್ಯಾನ ಮಾಡಿದೆ.

"ಹೌದು. ಉಣ್ಣುವವರ ಬೆರಳು ಎಣಿಸ್ಲಿಕ್ಕೆ ಯಾವ ಶಾಸ್ತ್ರದಲ್ಲಿ ಉಂಟು?" ಎಂದು ಅವಳು ಮಜ್ಜಿಗೆಯ ಲೋಟವನ್ನು ತೊಳೆಯುವಲ್ಲಿಗೆ ಒಯ್ದಳು.

ಹೆಡ್ ಕಾನ್‌ಸ್ಟೇಬಲರು ಮತ್ತೆ ಬರಲಿಲ್ಲ. ಶಾಲೆಗೂ ಬರಲಿಲ್ಲ. ನನ್ನ ಹೆದರಿಕೆ ಮೆಲ್ಲಗೆ ಆರುತ್ತಿತ್ತು. ಆಗ, ಆರು ತಿಂಗಳ ಮೇಲೆ ಒಂದು ಮಧ್ಯಾಹ್ನ, ಅದೇ ಅತಿಥಿ ಜಗಲಿ ಏರಿದರು. ಈ ಸಲ ಶಾಲು ಇರಲಿಲ್ಲ. ಬಲಗೈಯನ್ನು ಮೊಣಕಾಲಿನ ಮೇಲೆ ಎಲ್ಲರಿಗೂ ಕಾಣುವಂತೆ ಇಟ್ಟುಕೊಂಡು ಕುಳಿತರು. ಖಾಕಿ ಕಂಡಾಗ ನಾನು ದೇವರ ಕೋಣೆಗೆ ನುಗ್ಗಿದ್ದೆ. ಇವರನ್ನು ಕಂಡಾಗ ಅಲ್ಲಿಗೆ ಹೋಗಲೂ ಧೈರ್ಯ ಬರಲಿಲ್ಲ.

ಎಲೆ ಹಾಕಿಯಾಯಿತು. ಅವರು ನೀರು ಕಟ್ಟುವ ಮೊದಲು ನನ್ನ ಮುಖ ನೋಡಿ ತಮ್ಮ ಹೆಸರು ಹೇಳಿದರು. ತಂದೆಯ ಹೆಸರು ಹೇಳಿದರು. ಊರು, ಗೋತ್ರ, ಸೂತ್ರ ಎಲ್ಲವನ್ನೂ, ಮಗುವಿಗೆ ಪಾಠ ಹೇಳುವಂತೆ ಬಿಡಿಸಿ ಬಿಡಿಸಿ ಹೇಳಿದರು.

"ಬೇಡ, ಬೇಡ. ನಾವು ಕೇಳುವ ಕ್ರಮ ಇಲ್ಲ" ಎಂದೆ.

"ಇರ್ಲಿ ಭಟ್ರೇ. ಗೊತ್ತಿದ್ರೆ ನಿಮಗೆ ಉಪದ್ರ ಕಡಿಮೆ. ಕಾಸರಗೋಡಿಗೆ ಹೋಗುವಾಗ ಜಾಲ್ಸೂರಲ್ಲಿ ಪೋಲೀಸ್‌ನವರು ಬಸ್ಸಿಂದ ಎಲ್ಲರನ್ನೂ ಇಳಿಸಿ ಬಲಗೈ ತೋರಿಸಿ ಅಂದ್ರು. ಎರಡು ದಿನ ಕೂರಿಸಿ, ಹುಡುಕುದು ನಿನ್ನನ್ನಲ್ಲ ಅಂತ ಬಿಟ್ರು." ಅವರು ಅನ್ನಕ್ಕೆ ಗುಂಡಿ ಮಾಡಿದರು. "ನಾನು ಶಾಲು ಸರಿಸುದು ಉಣ್ಣುವಾಗ ಮಾತ್ರ. ಸ್ವಲ್ಪ ಸಾರು ಹಾಕ್ಲಿಕ್ಕೆ ಹೇಳಿ. ನಿಮ್ಮಲ್ಲಿ ಸಾರು ಲಾಯ್ಕ ಆಗ್ತದೆ."

ಮನೆಯಾಕೆ ಸಾರು ಬಡಿಸಿದಳು. ಆ ದಿನ ಅವಳು ಕೆಮ್ಮಲಿಲ್ಲ.

ಅವರು ಉಂಡು, ಕೈತೊಳೆದು, ಹರಸಿ ಹೋದರು, ಮತ್ತೆ ಬರಲಿಲ್ಲ. ಅವರ ಹೆಸರು, ಊರು, ಗೋತ್ರ, ಸೂತ್ರ ನನಗೆ ಇಂದಿಗೂ ಕಂಠಪಾಠ. ಸಂಕಲ್ಪ ಮಾಡುವಾಗ ನನ್ನ ಗೋತ್ರಕ್ಕೆ ಮೊದಲು ಅವರದ್ದೇ ನಾಲಗೆಗೆ ಬಂದುಬಿಡುತ್ತದೆ. ಹೆಡ್ ಕಾನ್‌ಸ್ಟೇಬಲರು ಆ ಮೇಲೆ ಎಷ್ಟೋ ಸಲ ಪೇಟೆಯಲ್ಲಿ ಎದುರಾದರು. ನಾನು ಕೈಮುಗಿದು ಎದುರು ನಿಲ್ಲುತ್ತಿದ್ದೆ; ಅವರು ತಲೆಯಾಡಿಸಿ ಮುಂದೆ ಹೋಗುತ್ತಿದ್ದರು. ಒಂದು ದಿನವೂ ಆ ಹೆಸರನ್ನು ಕೇಳಲಿಲ್ಲ.